ಚಿಲಕ ಯಾವ ಕಡೆ

ಇಸವಿ ತೊಂಬತ್ತೊಂದೋ ತೊಂಬತ್ತೆರಡೋ. ನಾನು ರಾಣೆಬೆನ್ನೂರಿನಲ್ಲಿ ವಕೀಲಿ ಮಾಡುತ್ತಿದ್ದೆ. ಆಗ ನಮ್ಮ ಕಡೆ ಕೌಟುಂಬಿಕ ನ್ಯಾಯಾಲಯ ಇರಲಿಲ್ಲ. ವಿಚ್ಛೇದನ, ಮಕ್ಕಳ ವಿಷಯ ಎಲ್ಲವೂ ಸಿವಿಲ್ ನ್ಯಾಯಾಧೀಶರ ಮುಂದೆಯೇ ಬರುತ್ತಿದ್ದವು.

ಸರೋಜಾ ನನ್ನ ಕಕ್ಷಿದಾರಳು. ಅವಳ ಗಂಡನಿಗೆ ಬ್ಯಾಡಗಿಯಲ್ಲಿ ಮೆಣಸಿನಕಾಯಿ ಅಡತಿ ಅಂಗಡಿ. ವಿಚ್ಛೇದನದ ದಾವೆ ಮುಗಿಯುವವರೆಗೆ ಮಗಳು ಗೀತಾ ತಾಯಿಯ ಹತ್ತಿರ ಇರಬೇಕು, ಭಾನುವಾರ ತಂದೆ ಕರೆದೊಯ್ದು ಸಂಜೆ ತಂದು ಬಿಡಬೇಕು ಎಂದು ಮಧ್ಯಂತರ ಆದೇಶವಾಗಿತ್ತು. ಗೀತಾಳಿಗೆ ಆರು ವರ್ಷ ಎಂದು ನೆನಪು. ಏಳೂ ಇರಬಹುದು.

ಒಂದು ಸೋಮವಾರ ಸರೋಜಾ ಮಗಳ ಒಗೆಯದ ಫ್ರಾಕನ್ನು ಚೀಲದಲ್ಲಿ ತಂದಳು.

“ಅಕ್ಕಾರ, ಇಸ್ಪೀಟ್ ಆಡಾಕ ಹೋಗುಮುಂದ ಕೂಸಿನ್ನ ಮೆಣಸಿನಕಾಯಿ ಗೋದಾಮಿನ್ಯಾಗ ಕೂಡಿ ಹಾಕ್ತಾನ್ರಿ. ಮನಿಗೆ ಬಂದ್ರ ಉಸುರು ಹಿಡದಂಗ ಆಕ್ಕೈತಿ ಅದಕ್ಕ. ಮುಂದಿನ ಐತಾರ ನಾ ಹ್ಯಾಂಗ ಕಳಸ್ಲಿ?”

“ಕಳಸಲಿಲ್ಲಂದ್ರ ಕೋರ್ಟಿನ ಮಾತು ಮೀರಿದಾಕಿ ನೀನ ಆಕ್ಕಿ ನೋಡವಾ,” ಎಂದೆ. ಭಾನುವಾರಕ್ಕೆ ಮೊದಲೇ ಆದೇಶ ಬದಲಿಸಬೇಕೆಂದು ಅರ್ಜಿ ಹಾಕಿದೆ.

ಶುಕ್ರವಾರ ವಿಚಾರಣೆ. ನ್ಯಾಯಾಧೀಶರು ಫ್ರಾಕಿನ ಚೀಲ ಬಿಚ್ಚಿ, ಮೆಣಸಿನ ಘಾಟಿಗೆ ಸೀನಿದರು. ಗಂಡನ ಪರ ವಕೀಲರು ಎದ್ದರು.

“ಸಾಹೇಬ್ರ, ಬ್ಯಾಡಗಿ ಮಂದಿ ಅರಿವಿ ಯಾರದ ಝಾಡಿಸ್ರಿ, ಹಿಂಗ ಆಕ್ಕೈತಿ. ಮ್ಯಾಲ ನಮ್ಮ ಕಾಯಿ ಬಣ್ಣಕ್ಕ ಹೆಸರಾಗೇತಿ, ಖಾರಕ್ಕಲ್ರಿ!”

ಎಲ್ಲರೂ ನಕ್ಕರು. ಮಾತೇನೋ ಖರೇ ಇತ್ತು. ನಾನೂ ನಕ್ಕೆನೇ? ಇದನ್ನು ಎಷ್ಟೋ ಸಲ ಹೇಳಿದ್ದೇನೆ. ಹೇಳುತ್ತ ಹೇಳುತ್ತ ನ್ಯಾಯಾಧೀಶರ ಸೀನು ದೊಡ್ಡದಾಗಿದೆ, ಸರೋಜಾಳ ಮುಖ ಅಳಿಸಿಹೋಗಿದೆ.

ನ್ಯಾಯಾಧೀಶರು ಮಗುವನ್ನು ಚೇಂಬರಿಗೆ ಕರೆಸಿದರು. ವಕೀಲರಿಬ್ಬರೂ ಗೋಡೆಯ ಪಕ್ಕ ನಿಂತೆವು.

“ಅಪ್ಪನ ಊರಾಗ ಏನ್ ಆಟ ಆಡ್ತಿ, ತಂಗಿ?” ಎಂದರು ನ್ಯಾಯಾಧೀಶರು.

ಗೀತಾ ತೊಟ್ಟಿದ್ದ ಫ್ರಾಕಿನ ತುದಿಯನ್ನು ಬಾಯಲ್ಲಿ ತೋಯಿಸಿ ಮೂಗಿಗೆ ಹಿಡಿದಳು. ನೆಲದ ಮೇಲೆ ಬೋರಲು ಮಲಗಿ, ಮುಚ್ಚಿದ ಬಾಗಿಲ ಕೆಳಗಿನ ಸಂದಿಗೆ ಮುಖ ಇಟ್ಟಳು.

“ಹಿಂಗ ಮಕ್ಕೊಂಡ್ರ ಉಸುರು ಬರತೈತ್ರಿ.”

ಅಳಲಿಲ್ಲ. ಗುಂಡಿ ಹಾಕಿಕೊಳ್ಳುವುದನ್ನು ತೋರಿಸುವಂತಿತ್ತು ಆ ಧ್ವನಿ.

ನ್ಯಾಯಾಧೀಶರು ಗಂಡನ ವಕೀಲರ ಕಡೆ ನೋಡಿದರು. “ನಂದೇನೂ ತಕರಾರಿಲ್ರಿ,” ಎಂದರು ಅವರು.

ತಂದೆ ಇನ್ನು ಮುಂದೆ ಶನಿವಾರ, ಕೋರ್ಟಿನ ಕೋಣೆಯಲ್ಲೇ, ಶಿರಸ್ತೇದಾರರ ಎದುರು ಮಗಳನ್ನು ನೋಡಬೇಕು ಎಂದು ಆದೇಶವಾಯಿತು. ಗೆದ್ದಿದ್ದೆವು. ಗೆದ್ದಾಗ ಏನನ್ನಿಸಿತು ಎಂದರೆ, ಏನೂ ನೆನಪಿಲ್ಲ.

ಮೊದಲ ಶನಿವಾರ ಗೀತಾಳನ್ನು ಕರೆದೊಯ್ದವಳು ನಾನೇ. ಕೋಣೆಯ ಹೊಸ್ತಿಲಲ್ಲಿ ಹುಡುಗಿ ನಿಂತುಬಿಟ್ಟಳು.

“ಅಕ್ಕಾರ, ಇದರ ಚಿಲಕ ಯಾವ ಕಡೆ ಐತ್ರಿ?”

“ಒಳಗ ಐತವಾ.”

ತಾನೇ ಒಮ್ಮೆ ಹಾಕಿ, ತೆಗೆದು ನೋಡಿದಳು. ಆಮೇಲೆ ಹೋಗಿ ತಂದೆಯ ಎದುರು ಕುಳಿತಳು.

ನಿವೃತ್ತಿಯಾಗುವವರೆಗೂ ಇಂಥ ಪ್ರಕರಣಗಳಲ್ಲಿ ವಾರ, ವೇಳೆಗಳ ಬಗ್ಗೆ ವಾದಿಸುವ ಮೊದಲು ಮಗು ಕೂರುವ ಕೋಣೆಗೆ ಹೋಗಿ ಬಾಗಿಲು ನೋಡಿ ಬರುತ್ತಿದ್ದೆ. ಹೊರಗೆ ನಿಂತಲ್ಲ; ಒಳಗೆ ಹೋಗಿ, ಬಾಗಿಲು ಮುಚ್ಚಿಕೊಂಡು.