ಒಂದೇ ಹೆಸರಿನ ಎರಡು ಖಾತೆಗಳು

ಪುತ್ತೂರಿನ ಒಂದು ತರಬೇತಿ ಸಂಸ್ಥೆಯ ಕಚೇರಿಯಲ್ಲಿ ನಾನು ಕೆಲಸಕ್ಕೆ ಸೇರಿ ಹದಿನಾಲ್ಕು ವರ್ಷವಾಯಿತು. ಅಲ್ಲಿ ಶಿಶುವಿಹಾರದ ಟೀಚರ್ ಆಗಬೇಕೆನ್ನುವ ಹೆಂಗಸರಿಗೆ ಒಂದು ವರ್ಷದ ಕೋರ್ಸು ನಡೆಯುತ್ತದೆ. ಮೊದಲು ಎಲ್ಲರೂ ಬೆಂಚಿನ ಮೇಲೆ ಬಂದು ಕೂರುತ್ತಿದ್ದರು. ಹಾಜರಿ ಕರೆಯುವಾಗ ಮುಖ ನೋಡಿ ಟಿಕ್ ಹಾಕುತ್ತಿದ್ದೆ. ಕೊರೊನಾದ ನಂತರ ಕೋರ್ಸು ಪೂರ್ತಿ ಆನ್‌ಲೈನ್ ಆಯಿತು. ಪಾಠ ಮೊಬೈಲಿನಲ್ಲಿ, ಪರೀಕ್ಷೆ ಮೊಬೈಲಿನಲ್ಲಿ, ಸರ್ಟಿಫಿಕೇಟೂ ಮೊಬೈಲಿಗೇ. ಮುಖಗಳು ಹೋದವು, ನನ್ನ ಕಂಪ್ಯೂಟರಿನಲ್ಲಿ ಹೆಸರುಗಳು ಮಾತ್ರ ಉಳಿದವು.

ಆ ಹೆಸರುಗಳು ಎರಡೆರಡು ಸಲ ಇರುತ್ತಿದ್ದವು. ಮರ್ಕಂಜದ ಕಡೆಯವಳೊಬ್ಬಳು ಅರ್ಜಿ ತುಂಬಲು ಕೂರುತ್ತಾಳೆ, ಒಟಿಪಿ ಬರುವುದಿಲ್ಲ. ಗುಡ್ಡೆಯ ಮೇಲೆ ಹೋಗಿ ತಮ್ಮನ ಫೋನಿನಿಂದ ಮತ್ತೆ ತುಂಬುತ್ತಾಳೆ. ಅಷ್ಟರಲ್ಲಿ ಮೊದಲನೆಯದೂ ಆಗಿಬಿಟ್ಟಿರುತ್ತದೆ. ಇನ್ನೊಬ್ಬಳು ಪಾಸ್‌ವರ್ಡ್ ಮರೆತು ಹೊಸ ಖಾತೆ ತೆರೆಯುತ್ತಾಳೆ. ಮತ್ತೊಬ್ಬಳು ಮದುವೆಯಾಗಿ, ಹೆಸರಿನ ಮುಂದಿದ್ದ ಅಪ್ಪನ ಇನಿಷಿಯಲ್ ತೆಗೆದು ಗಂಡನದು ಹಾಕಿಕೊಂಡು, ಬೇರೆಯೇ ವಿದ್ಯಾರ್ಥಿನಿಯಾಗಿ ಬರುತ್ತಾಳೆ. ಅರ್ಧ ಪಾಠ ಒಂದರಲ್ಲಿ, ಇನ್ನರ್ಧ ಇನ್ನೊಂದರಲ್ಲಿ. ಕೊನೆಗೆ ಸರ್ಟಿಫಿಕೇಟ್ ಬರಲಿಲ್ಲವೆಂದು ಕಚೇರಿಗೆ ಫೋನ್ ಬರುತ್ತದೆ.

ಒಂದು ವರ್ಷ ಹೊಸ ಬ್ಯಾಚ್ ಶುರುವಾಗುವ ಮುಂಚೆ ಮುಖ್ಯಸ್ಥರು ನನ್ನನ್ನು ಕರೆದು, "ಈ ಡಬಲ್ ಖಾತೆಗಳನ್ನೆಲ್ಲ ಕೂಡಿಸಿ ಮುಗಿಸಿ ಮಾರಾಯ್ರೆ. ಹದಿನೈದು ದಿವಸ ಉಂಟು," ಎಂದರು. ಕಂಪ್ಯೂಟರೇ ಒಂದು ಪಟ್ಟಿ ಕೊಟ್ಟಿತು. ಹೆಸರು, ಫೋನ್ ನಂಬರ್, ಹುಟ್ಟಿದ ತಾರೀಖು ಇವುಗಳಲ್ಲಿ ಎರಡಾದರೂ ಹೊಂದಿದವರೆಲ್ಲ ಜೋಡಿ ಜೋಡಿಯಾಗಿ ಅದರಲ್ಲಿದ್ದರು. ಎರಡರಲ್ಲಿ ಹಿಂದಿನ ಓದಿನ ಅಂಕಪಟ್ಟಿ ಸೇರಿಸಿದ ಖಾತೆಯನ್ನು ಉಳಿಸಿಕೊಳ್ಳಬೇಕು, ಇನ್ನೊಂದರ ಪಾಠ, ಅಂಕ ಎಲ್ಲವನ್ನೂ ಅದಕ್ಕೆ ಸೇರಿಸಬೇಕು. ಗುಂಡಿ ಒತ್ತುವ ಮುಂಚೆ ಪ್ರತಿ ಸಲವೂ ಒಂದು ಎಚ್ಚರಿಕೆ ಬರುತ್ತಿತ್ತು: ಒಮ್ಮೆ ಕೂಡಿಸಿದ ಖಾತೆಗಳನ್ನು ಮತ್ತೆ ಬೇರೆ ಮಾಡಲು ಆಗುವುದಿಲ್ಲ, ಖಚಿತವೇ? ಮೊದಲ ದಿನ ಅದನ್ನು ಓದಿ ಹೆದರುತ್ತಿದ್ದೆ. ನಾಲ್ಕನೇ ದಿನಕ್ಕೆ ಓದುವುದು ಬಿಟ್ಟೆ. ಎಂಟನೇ ದಿನಕ್ಕೆ ಕಣ್ಣುರಿ, ಕತ್ತುನೋವು. ನನ್ನ ಬೆರಳು ತಾನಾಗಿ 'ಹೌದು' ಒತ್ತುತ್ತಿತ್ತು.

ಆಲಂಕಾರಿನ ಜೋಡಿ ಹಾಗೆ ಬಂದದ್ದು. ಹೆಸರು ಒಂದೇ, ಫೋನ್ ನಂಬರ್ ಒಂದೇ, ಮನೆ ವಿಳಾಸ ಒಂದೇ, ಹುಟ್ಟಿದ ತಾರೀಖೂ ಒಂದೇ. ಇನಿಷಿಯಲ್ ಮಾತ್ರ ಬೇರೆ. ಮದುವೆಯಾಗಿರಬೇಕು ಅಂದುಕೊಂಡೆ. ಒಂದು ಖಾತೆಯಲ್ಲಿ ಎಲ್ಲ ಪಾಠ ಮುಗಿದು ಪರೀಕ್ಷೆಯೂ ಪಾಸಾಗಿತ್ತು, ಅಂಕಪಟ್ಟಿ ಇಲ್ಲದ್ದರಿಂದ ಸರ್ಟಿಫಿಕೇಟ್ ಹೊರಟಿರಲಿಲ್ಲ. ಇನ್ನೊಂದರಲ್ಲಿ ಅಂಕಪಟ್ಟಿ ಇತ್ತು, ಪಾಠ ಐದೇ ಐದು. ಇದಕ್ಕಿಂತ ಸುಲಭದ ಜೋಡಿ ಇಲ್ಲ ಅನ್ನಿಸಿತು. ಕೂಡಿಸಿ ಮುಂದಿನದಕ್ಕೆ ಹೋದೆ.

ಎರಡು ದಿನ ಬಿಟ್ಟು ಒಂದು ಫೋನ್ ಬಂತು. ಚುರುಕು ಮಾತಿನ ಹುಡುಗಿ.

"ಮೇಡಂ, ನನಗೆ ಸರ್ಟಿಫಿಕೇಟ್ ಬಂದಿದೆ."

"ಒಳ್ಳೇದಾಯ್ತಲ್ಲ," ಎಂದೆ.

"ಒಳ್ಳೇದು ಎಂತ ಮೇಡಂ? ನಾನು ಪರೀಕ್ಷೆ ಬರಿಲೇ ಇಲ್ಲ. ಐದು ಪಾಠ ನೋಡಿ ಬಿಟ್ಟವಳು ನಾನು. ಬರ್ದದ್ದು ನಮ್ಮ ಅತ್ತಿಗೆ. ಅವರಿಗೆ ಈಗ ಲಾಗಿನ್ನೇ ಆಗುದಿಲ್ಲ."

"ನಿಮ್ಮ ಅತ್ತಿಗೆಯ ಹೆಸರು?"

"ನನ್ನದೇ ಹೆಸರು ಮೇಡಂ. ಇಬ್ಬರಿಗೂ ಒಂದೇ."

ಅರ್ಜಿ ಎರಡನ್ನೂ ತುಂಬಿದ್ದು ತಾನೇ ಎಂದು ಅವಳು ಹೇಳಿದಳು. ಮನೆಯಲ್ಲಿ ಇಬ್ಬರಿಗೂ ಸಿಗುವುದು ಒಂದೇ ಫೋನು; ಅತ್ತಿಗೆಗೆ ಅದು ಮಾವನ ಫೋನು, ಇವಳಿಗೆ ಅಪ್ಪನ ಫೋನು. ಎರಡನೇ ಸಲ ತುಂಬುವಾಗ ಮೊದಲಿನ ಹುಟ್ಟಿದ ತಾರೀಖೇ ತಾನಾಗಿ ಬಂದು ಕೂತಿತ್ತು, ಅವಳು ಗಮನಿಸಿರಲಿಲ್ಲ. ನಾನು ಫೋನ್ ಕೆಳಗಿಟ್ಟು ಆ ಖಾತೆ ತೆರೆದೆ. ಒಬ್ಬಳ ಒಂದು ವರ್ಷದ ಓದು ಇನ್ನೊಬ್ಬಳ ಹೆಸರಿನಡಿ ಅಚ್ಚುಕಟ್ಟಾಗಿ ಕೂತಿತ್ತು. ಎಲ್ಲಿ ಯಾರದು ಮುಗಿದು ಯಾರದು ಶುರು ಎಂದು ಹೇಳುವ ಒಂದು ಗುರುತೂ ಇರಲಿಲ್ಲ.

ಸಾಫ್ಟ್‌ವೇರಿನವರಿಗೆ ಬರೆದೆ, ಫೋನ್ ಮಾಡಿದೆ. ಕೊನೆಗೆ ಸಿಕ್ಕಿದವರು ಆ ಎಚ್ಚರಿಕೆಯ ಸಾಲನ್ನೇ ನನಗೆ ಓದಿ ಹೇಳಿದರು. ಮುಖ್ಯಸ್ಥರು ಬೈಯಲಿಲ್ಲ. ಬೈದಿದ್ದರೆ ಸ್ವಲ್ಪ ಹಗುರವಾಗುತ್ತಿತ್ತೋ ಏನೋ. "ಹೊಸ ಖಾತೆ ತೆರೀರಿ, ಪಾಠ ನೋಡಿದ್ದಾರೆ ಅಂತ ನೀವೇ ನಮೂದಿಸಿ. ಆದರೆ ಪರೀಕ್ಷೆ ಪುನಃ ಬರೀಬೇಕು. ಇಬ್ಬರ ಸಹಿ ಇರುವ ಪತ್ರವೂ ಬೇಕು," ಎಂದರು. ಅತ್ತಿಗೆ ನಾದಿನಿಯರನ್ನೇ ಕಚೇರಿಗೆ ಬರಹೇಳಬಹುದಿತ್ತು. ನನಗೆ ಮನಸ್ಸು ಬರಲಿಲ್ಲ. ಶನಿವಾರ ಮಧ್ಯಾಹ್ನ ಉಪ್ಪಿನಂಗಡಿಗೆ ಹೋಗಿ ಆಲಂಕಾರಿನ ಮೇಲೆ ಹೋಗುವ ಕಡಬದ ಬಸ್ಸು ಹಿಡಿದೆ. ಸೀಟು ಸಿಗಲಿಲ್ಲ. ಕಂಬಿ ಹಿಡಿದು ನಿಂತುಕೊಂಡು, ಏನು ಹೇಳುವುದೆಂದು ಯೋಚಿಸಿ ಯೋಚಿಸಿ, ಯಾವ ಮಾತೂ ಸರಿ ಕಾಣದೆ ಬಿಟ್ಟುಬಿಟ್ಟೆ.

ರಸ್ತೆ ಬದಿಯಲ್ಲಿ ಅವರ ದಿನಸಿ ಅಂಗಡಿ, ಹಿಂದೆ ಮನೆ. ಅಂಗಡಿಯಲ್ಲಿದ್ದ ಮಾವ ಒಳಗೆ ತಿರುಗಿ ಬ್ಯಾರಿ ಭಾಷೆಯಲ್ಲಿ ಏನೋ ಕೂಗಿ ಹೇಳಿದರು. ನಾದಿನಿ ಹೊರಗೆ ಬಂದಳು. ಫೋನಿನಲ್ಲಿದ್ದಷ್ಟೇ ಚುರುಕು. ಅವಳ ಹಿಂದೆಯೇ, ಸೊಂಟದಲ್ಲಿ ಮಗು ಎತ್ತಿಕೊಂಡು ಅತ್ತಿಗೆ. ನಾನು ಕಂಪ್ಯೂಟರಿನಲ್ಲಿ ಅಳಿಸಿದ ಹೆಂಗಸು ಅವಳೇ. ಇಪ್ಪತ್ತೇಳೋ ಇಪ್ಪತ್ತೆಂಟೋ ಇರಬೇಕು. ನಾನು ಕೂರುವ ಮುಂಚೆಯೇ ನಡೆದದ್ದನ್ನೆಲ್ಲ ಹೇಳಿಬಿಟ್ಟೆ. ತಪ್ಪು ನನ್ನದು ಎಂದೂ ಹೇಳಿದೆ.

ನಾದಿನಿ ಬಿಡಲಿಲ್ಲ. "ನಂಬರ್ ನಿಮ್ಮ ಹತ್ರ ಇತ್ತಲ್ಲ ಮೇಡಂ. ಒಂದು ಫೋನ್ ಮಾಡಿ ಕೇಳ್ಲಿಕ್ಕೆ ಆಗುದಿಲ್ವಾ?"

ಕೆಲಸ ತುಂಬ ಇತ್ತು, ಸುಸ್ತಾಗಿತ್ತು ಎಂದು ಹೇಳಬಹುದಿತ್ತು. ಆ ಮನೆಯ ಜಗಲಿಯಲ್ಲಿ ಕೂತು ನನ್ನ ಸುಸ್ತಿನ ಮಾತು ಆಡಲು ನಾಚಿಕೆಯಾಯಿತು.

ಅತ್ತಿಗೆ ಮಗುವನ್ನು ನಾದಿನಿಯ ಕೈಗೆ ಕೊಟ್ಟು ಒಳಗೆ ಹೋಗಿ ಮೂರು ನೋಟುಪುಸ್ತಕ ತಂದಳು. ಪ್ರತಿ ಪಾಠಕ್ಕೂ ನೀಲಿ ಶಾಯಿಯಲ್ಲಿ ಟಿಪ್ಪಣಿ. ಮಕ್ಕಳಿಗೆ ಬಣ್ಣ ಕಲಿಸುವ ಪಾಠದಲ್ಲಿ ಬಣ್ಣದ ಕಾಗದ ಕತ್ತರಿಸಿ ಅಂಟಿಸಿದ್ದಳು. "ಎರಡರಿಂದ ನಾಲ್ಕರವರೆಗೆ ಅಂಗಡಿಯಲ್ಲಿ ವ್ಯಾಪಾರ ಕಮ್ಮಿ. ಆಗ ಮಾವ ಫೋನ್ ಕೊಡ್ತಾರೆ. ಪುನಃ ನೋಡ್ಲಿಕ್ಕೆ ಫೋನ್ ಸಿಕ್ಕುದಿಲ್ಲ ಅಂತ ಎಲ್ಲ ಬರ್ದಿಟ್ಟದ್ದು," ಎಂದಳು. ಅಂಕಪಟ್ಟಿ ಯಾಕೆ ಹಾಕಲಿಲ್ಲ ಎಂದು ಕೇಳಿದೆ. ತವರುಮನೆಯಲ್ಲಿ ಉಳಿದುಬಿಟ್ಟಿದೆ, ಹೋದಾಗ ತರಬೇಕು ಎಂದುಕೊಂಡಿದ್ದಳಂತೆ. ಹೋಗುವುದು ಆಗಿರಲಿಲ್ಲ.

"ಪರೀಕ್ಷೆ ಪುನಃ ಬರೀಬೇಕಾಗ್ತದೆ," ಎಂದೆ.

ಅವಳು ನೋಟುಪುಸ್ತಕಗಳನ್ನು ಒಂದರ ಮೇಲೊಂದು ಜೋಡಿಸಿಟ್ಟಳು. "ಬರೀತೇನೆ. ಎಂತ ಮಾಡುದು?" ಎಂದಳು. ಸಿಟ್ಟು ಮಾಡಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಇಂಥದ್ದು ಆಗುವುದೇ ಎಂಬಂತೆ ಅವಳು ಒಪ್ಪಿಕೊಂಡದ್ದು ನನಗೆ ತಡೆಯಲಾಗಲಿಲ್ಲ. ಇಬ್ಬರೂ ಪತ್ರಕ್ಕೆ ಸಹಿ ಹಾಕಿದರು. ಒಂದೇ ಹೆಸರಿನ ಎರಡು ಸಹಿ, ಒಂದಕ್ಕೊಂದು ಒಂದು ಚೂರೂ ಹೋಲುತ್ತಿರಲಿಲ್ಲ. ಚಹಾ ಕುಡಿಸದೆ ಬಿಡಲಿಲ್ಲ. ಬೇಡವೆನ್ನಲು ನನಗೂ ಶಕ್ತಿ ಇರಲಿಲ್ಲ.

ಮೂರು ವಾರ ಬಿಟ್ಟು ಅವರಿಬ್ಬರೂ ಮಗುವಿನೊಂದಿಗೆ ಪುತ್ತೂರಿಗೆ ಬಂದರು. ಅತ್ತಿಗೆ ಅಂಕಪಟ್ಟಿ ತಂದಿದ್ದಳು. ನಾನು ನನ್ನ ಕಂಪ್ಯೂಟರನ್ನೇ ಅವಳಿಗೆ ಬಿಟ್ಟುಕೊಟ್ಟೆ. ಒಳಗೆ ಅವಳು ಪರೀಕ್ಷೆ ಬರೆಯುತ್ತಿದ್ದರೆ ಹೊರಗೆ ನಾದಿನಿ ಮಗುವನ್ನು ಎತ್ತಿಕೊಂಡು ವರಾಂಡದಲ್ಲಿ ಆಚೀಚೆ ನಡೆದಳು. ನಡುವೆ ಮಗು ಅತ್ತಿತು. ಒಳಗಿದ್ದವಳ ತಲೆ ಒಮ್ಮೆ ಬಾಗಿಲ ಕಡೆ ತಿರುಗಿ ಮತ್ತೆ ಪರದೆಗೆ ಹೋಯಿತು. ಮುಗಿಸಿದ ಕೂಡಲೇ ಅಂಕ ಬಂತು: ಎಪ್ಪತ್ತೊಂಬತ್ತು.

"ಪಾಸ್," ಎಂದೆ.

"ಮೊದಲು ಎಂಬತ್ತಾರು ಇತ್ತು," ಎಂದಳು ಮೆಲ್ಲಗೆ. ಅಷ್ಟೇ, ಮತ್ತೆ ಆ ಮಾತು ಎತ್ತಲಿಲ್ಲ.

ಹಳೆಯ ಅಂಕವನ್ನೇ ಹಾಕಬಹುದೇ ಎಂದು ನಾನು ಮುಖ್ಯಸ್ಥರಲ್ಲಿ ಕೇಳಿ ನೋಡಿದೆ. ಹೊಸ ಖಾತೆಯಲ್ಲಿ ಇರುವುದೇ ಅಂಕ, ಅದನ್ನು ತಿದ್ದಲು ಬರುವುದಿಲ್ಲ ಎಂದರು. ಅವರು ಹೇಳಿದ್ದು ನಿಜವೇ. ಎಪ್ಪತ್ತೊಂಬತ್ತರ ಸರ್ಟಿಫಿಕೇಟ್ ಮುದ್ರಿಸಿ, ಹೆಸರು, ಇನಿಷಿಯಲ್ ಎರಡೆರಡು ಸಲ ನೋಡಿ, ಕವರಿನಲ್ಲಿ ಹಾಕಿ ಅವಳ ಕೈಗೆ ಕೊಟ್ಟೆ. ನಾದಿನಿಯ ಸರ್ಟಿಫಿಕೇಟನ್ನು ರದ್ದು ಮಾಡಿದೆ. "ನನ್ನದು ಹೋದರೆ ಹೋಗ್ಲಿ ಮೇಡಂ, ನಾನೊಂದು ದಿವಸ ಟೀಚರ್ ಆಗಿದ್ದೆ," ಎಂದು ಅವಳು ನಕ್ಕಳು. ಅತ್ತಿಗೆಯೂ ನಕ್ಕಳು. ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಮನೆ ಹತ್ತಿರದ ಒಂದು ಶಾಲೆಯ ಎಲ್‌ಕೆಜಿಗೆ ಅರ್ಜಿ ಹಾಕುತ್ತೇನೆ ಎಂದಿದ್ದಳು. ಸಿಕ್ಕಿತೋ ಇಲ್ಲವೋ ಗೊತ್ತಿಲ್ಲ. ಕೇಳುವ ಧೈರ್ಯ ನನಗೆ ಬರಲಿಲ್ಲ.

ಆಮೇಲೆ ನಾನು ಫೋನ್ ಮಾಡಿ ಕೇಳದೆ ಯಾವ ಜೋಡಿಯನ್ನೂ ಕೂಡಿಸಿಲ್ಲ. ಹದಿನೈದು ದಿನದ ಕೆಲಸ ಆ ವರ್ಷ ಎರಡು ತಿಂಗಳಾಯಿತು, ಈಗ ಪ್ರತಿ ಬ್ಯಾಚಿಗೂ ಹಾಗೇ. ಕೆಲವರು ಫೋನ್ ಎತ್ತುವುದಿಲ್ಲ, ಕೆಲವರ ನಂಬರ್ ಈಗ ಬೇರೆ ಯಾರದ್ದೋ. ಕೆಲವರು ನಾನು ಹಣ ಹೊಡೆಯುವ ಕಳ್ಳಿಯೆಂದುಕೊಂಡು ಬೈದು ಇಟ್ಟುಬಿಡುತ್ತಾರೆ. ಮುಖ್ಯಸ್ಥರು ಬಾಗಿಲಲ್ಲಿ ತಲೆ ಹಾಕಿ, "ಇನ್ನೂ ಎಷ್ಟು ಉಂಟು?" ಎಂದು ಕೇಳುತ್ತಾರೆ. ಉಂಟು ಸರ್, ಎನ್ನುತ್ತೇನೆ.

ಮೊನ್ನೆ ಇಚಿಲಂಪಾಡಿಯ ಒಬ್ಬಳಿಗೆ ಮಾಡಿದೆ. ಹಿಂದೆ ಕುಕ್ಕರಿನ ಸೀಟಿ ಕೇಳುತ್ತಿತ್ತು. ಎರಡು ಖಾತೆ ಇವೆ, ಎರಡೂ ನಿಮ್ಮದೇನಾ, ಯಾವುದನ್ನು ಉಳಿಸಲಿ ಎಂದು ನಿಧಾನವಾಗಿ ಕೇಳಿದೆ.

"ಎರಡೂ ನನ್ನದೇ. ಎರಡನ್ನೂ ತೆಗೀರಿ ಮೇಡಂ," ಎಂದಳು. "ನಾನು ಓದುದು ಬಿಟ್ಟು ವರ್ಷ ಆಯ್ತು."

ಯಾಕೆ ಬಿಟ್ಟಿರಿ ಎಂದು ಕೇಳಬೇಕೆನ್ನಿಸಿತು. ಅಷ್ಟರಲ್ಲಿ ಮತ್ತೆ ಸೀಟಿ ಹೊಡೆಯಿತು, ಅವಳು ಇಡುತ್ತೇನೆ ಎಂದಳು. ಎರಡನ್ನೂ ಒಟ್ಟಿಗೆ ತೆಗೆಯುವ ಗುಂಡಿ ನನ್ನ ಕಂಪ್ಯೂಟರಿನಲ್ಲಿ ಇಲ್ಲ. ಮೊದಲು ಕೂಡಿಸಬೇಕು, ಆಮೇಲೆ ಮುಚ್ಚಬೇಕು. ಎಚ್ಚರಿಕೆಯ ಸಾಲನ್ನು ಪೂರ್ತಿ ಓದಿ ಕೂಡಿಸಿದೆ. ಮುಚ್ಚುವುದನ್ನು ಮಾತ್ರ ಆ ದಿನ ಮಾಡಲಿಲ್ಲ.