ಗೀಟು ಮೇಷ್ಟ್ರ ಮನೆಯ ಡ್ರೈವ್

ನನ್ನ ಅಣ್ಣನನ್ನು ಊರಲ್ಲಿ ಎಲ್ಲರೂ ಗೀಟು ಮೇಷ್ಟ್ರು ಅನ್ನುತ್ತಾರೆ. ಅವನು ಯಾವ ಶಾಲೆಯಲ್ಲೂ ಪಾಠ ಹೇಳಿದವನಲ್ಲ. ಆದರೆ ಎದುರಿಗೆ ಸಿಕ್ಕವರಿಗೆ ಪಾಠ ಹೇಳದೆ ಬಿಟ್ಟವನೂ ಅಲ್ಲ. ಹಳೆಯ ಮನೆ ಕಂಪ್ಯೂಟರುಗಳ ರಿಪೇರಿ ಅವನ ಕಸುಬು. ಟೀವಿಗೆ ತಂತಿ ಸಿಕ್ಕಿಸಿ ನಡೆಸುತ್ತಿದ್ದ, ಕೀಬೋರ್ಡಿನ ಹೊಟ್ಟೆಯೊಳಗೇ ಇಡೀ ಯಂತ್ರ ಇರುತ್ತಿದ್ದ ಆ ಕಾಲದ ಕಂಪ್ಯೂಟರುಗಳು, ಅವುಗಳ ಜೊತೆ ಬರುತ್ತಿದ್ದ ಇಟ್ಟಿಗೆಯಷ್ಟು ಭಾರದ ಫ್ಲಾಪಿ ಡ್ರೈವುಗಳು. ಬೇರೆಯವರು ಗುಜರಿಗೆ ಹಾಕಿದ್ದನ್ನು ಇವನು ಮಡಿಲಿಗೆ ಹಾಕಿಕೊಂಡ. ಅವುಗಳ ಮೇಲಿದ್ದ ತಾಳ್ಮೆಯಲ್ಲಿ ಕಾಲು ಭಾಗ ಮನುಷ್ಯರ ಮೇಲಿದ್ದಿದ್ದರೆ ನಾನು ಇದನ್ನು ಬರೆಯುವ ಪ್ರಮೇಯ ಬರುತ್ತಿರಲಿಲ್ಲ.

ಗೀಟಿನ ಹೆಸರು ಬಂದದ್ದು ಹೀಗೆ. ಫ್ಲಾಪಿ ಎಂಬ ತೆಳು ತಟ್ಟೆಯ ಮೇಲೆ ಕಣ್ಣಿಗೆ ಕಾಣದ ಉಂಗುರಗಳಿರುತ್ತವೆ, ಬರೆದದ್ದೆಲ್ಲ ಆ ಉಂಗುರಗಳಲ್ಲಿ ಕೂತಿರುತ್ತದೆ. ಡ್ರೈವಿನ ಹೆಡ್ಡು ಉಂಗುರದ ನೇರಕ್ಕೆ ಬಂದು ನಿಂತರೆ ಓದುತ್ತದೆ, ಕೂದಲೆಳೆಯಷ್ಟು ಪಕ್ಕಕ್ಕೆ ಸರಿದರೆ ತಡವರಿಸುತ್ತದೆ. ಹೆಡ್ಡನ್ನು ನಡೆಸುವ ಮೋಟರು ಎರಡು ಸ್ಕ್ರೂಗಳ ಹಿಡಿತದಲ್ಲಿರುತ್ತದೆ. ಅಣ್ಣ ಆ ಸ್ಕ್ರೂ ಸಡಿಲಿಸುವ ಮೊದಲು, ಮೋಟರಿನಿಂದ ಚೌಕಟ್ಟಿನವರೆಗೆ ಸೂಜಿಯಲ್ಲಿ ಒಂದು ಗೀಟು ಎಳೆಯುತ್ತಿದ್ದ. ಕೆಲಸ ಕೆಟ್ಟರೆ ಗೀಟಿನ ಎರಡು ತುಂಡುಗಳನ್ನು ಮತ್ತೆ ಕೂಡಿಸಿದರೆ ಸಾಕು, ಎಲ್ಲ ಮೊದಲಿದ್ದ ಹಾಗೇ. ನಾನು ಬಟ್ಟೆ ಹೊಲಿಯುವವಳು. ಸೂಜಿಗಳು ನನ್ನ ಡಬ್ಬಿಯಿಂದಲೇ ಹೋಗುತ್ತಿದ್ದವು.

"ಮೊದ್ಲು ಗೀಟು, ಆಮೇಲೆ ಸ್ಕ್ರೂ. ಯಾರ ಡ್ರೈವೇ ಆಗ್ಲಿ," ಎಂದು ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಿದ್ದ. ಕೇಳಿ ಕೇಳಿ ಪಕ್ಕದ ಚಪ್ಪಲಿ ರಿಪೇರಿಯವನೂ ಅಟ್ಟೆ ಕೀಳುವ ಮುಂಚೆ ಒಂದು ಗೀಟು ಎಳೆದು ನಗುತ್ತಿದ್ದ.

ಇದರ ಜೊತೆಗೆ ಅಣ್ಣ ಸ್ವಂತವಾಗಿ ಬರೆದ ಒಂದು ಪ್ರೋಗ್ರಾಮ್ ಇತ್ತು. ಡ್ರೈವಿನ ವೇಗ ನೋಡುವುದು, ಹೆಡ್ಡಿನ ಜಾಗ ನೋಡುವುದು, ಕೆಟ್ಟ ಫ್ಲಾಪಿಯನ್ನು ದುರಸ್ತಿ ಮಾಡುವುದು, ಮೂರೂ ಅದರ ಕೆಲಸ. ಯಾವ ಉಂಗುರ ಓದಲು ಬರುವುದಿಲ್ಲವೋ ಅದನ್ನು ಒರೆಸಿ ಖಾಲಿ ಮಾಡಿ ಹೊಸದಾಗಿ ಬರೆಯುತ್ತಿತ್ತು. ಆ ಪ್ರೋಗ್ರಾಮಿಗೆ ಅಣ್ಣನ ಬುದ್ಧಿಯೇ ಬಂದಿತ್ತು. ಡ್ರೈವ್ ಸರಿ ಇದೆ ಎಂದು ಒಮ್ಮೆ ತೀರ್ಮಾನವಾದರೆ ಮುಂದಿನ ತಪ್ಪೆಲ್ಲ ಫ್ಲಾಪಿಯದೇ.

ಅತ್ತಿಗೆ ಹೆರಿಗೆ ವಾರ್ಡಿನಲ್ಲಿ ನರ್ಸು. ಹತ್ತೊಂಬತ್ತು ವರ್ಷದಿಂದ, ಡ್ಯೂಟಿ ಮುಗಿಸಿ ಬಂದು ಮುಖ ತೊಳೆದು, ಮನೆಯ ಹಳೆ ಕಂಪ್ಯೂಟರಿನ ಮುಂದೆ ಒಂದು ಗಂಟೆ ಕೂತು ಬರೆಯುತ್ತಿದ್ದರು. ಬರೆಯುವಾಗ ರೇಡಿಯೋ ಜೋರಾಗಿ ಹಾಕಿರಬೇಕು. "ಇವಳಿಗೆ ಕಿವಿ ಮಂದ ಆಗಿದೆ," ಎಂದು ಅಣ್ಣ ಗೊಣಗುತ್ತಿದ್ದ. ಏನು ಬರೆಯುತ್ತೀರಿ ಎಂದು ನಾನೊಮ್ಮೆ ಕೇಳಿದ್ದೆ. ಹುಟ್ಟಿದವರ ಬಗ್ಗೆ, ಹುಟ್ಟದೆ ಹೋದವರ ಬಗ್ಗೆ, ಆ ತಾಯಂದಿರು ಹೊರಗೆ ಯಾರಿಗೂ ಹೇಳದೆ ಇವರ ಕೈ ಹಿಡಿದು ಹೇಳಿದ ಮಾತುಗಳ ಬಗ್ಗೆ. "ರಿಟೈರ್ ಆದ್ಮೇಲೆ ಕೂತ್ಕೊಂಡು ಒಂದು ಪುಸ್ತಕ ಮಾಡ್ತೀನಿ ಕಣೇ," ಅಂದಿದ್ದರು. ರಿಟೈರಾಗಲು ಆಗ ಎಂಟು ತಿಂಗಳು ಉಳಿದಿತ್ತು. ಮೂವತ್ತೆಂಟು ಫ್ಲಾಪಿಗಳು ಶೂ ಡಬ್ಬಿಯಲ್ಲಿ, ಮೂವತ್ತೊಂಬತ್ತನೆಯದು ಅವರ ಕೈಚೀಲದಲ್ಲಿ.

ಅದೇ ಸಮಯದಲ್ಲಿ ಅಣ್ಣ ಅಂಗಡಿಯಿಂದ ಯಾವುದೋ ಫ್ಲಾಪಿ ತಂದು ಮನೆಯ ಡ್ರೈವಿಗೆ ಹಾಕಿದ. ಓದಲಿಲ್ಲ. ತನ್ನ ಪ್ರೋಗ್ರಾಮ್ ಹಾಕಿ ನೋಡಿದ. ಹೆಡ್ಡು ಜಾಗ ಬಿಟ್ಟು ಸರಿದಿದೆ ಎಂದು ತೋರಿಸಿತು. ಗೀಟು ಮೇಷ್ಟ್ರ ಮನೆಯಲ್ಲೇ ಸೊಟ್ಟ ಡ್ರೈವು! ಅವನ ಮುಖಕ್ಕೆ ಹೊಡೆದ ಹಾಗಾಯಿತು.

"ನಂಗೆ ಚೆನ್ನಾಗೇ ಓದ್ತಾ ಇದೆ, ಅದನ್ನ ಬಿಡಿ," ಅಂದರು ಅತ್ತಿಗೆ.

"ಸೊಟ್ಟಗಿರೋದನ್ನ ಗೊತ್ತಿದ್ದೂ ಹೇಗೆ ಬಿಡೋದು?"

"ಎಷ್ಟೋ ಬಿಟ್ಟಿಲ್ವಾ, ಇದೂ ಒಂದು ಬಿಡಿ," ಎಂದು ಅತ್ತಿಗೆ ಚೀಲ ಹೆಗಲಿಗೆ ಹಾಕಿಕೊಂಡು ಡ್ಯೂಟಿಗೆ ಹೋದರು. ಅಂದು ಅಂಗಡಿಗೆ ರಜೆ. ಅವರು ಬೀದಿ ತಿರುಗುವುದರೊಳಗೆ ಅಣ್ಣ ಡ್ರೈವಿನ ಮುಚ್ಚಳ ತೆಗೆದಿದ್ದ.

ನಾನು ಊಟದ ಹೊತ್ತಿಗೆ ಹೋದಾಗ ಕೆಲಸ ಮುಗಿದಿತ್ತು. ಪ್ರೋಗ್ರಾಮು ಟೀವಿಯ ಮೇಲೆ ಮೇಲಿನಿಂದ ಕೆಳಗಿನ ತನಕ ಸರಿ, ಸರಿ, ಸರಿ ಎಂದು ತೋರಿಸುತ್ತಿತ್ತು. ಅಣ್ಣ ಬೀಗುತ್ತಿದ್ದ. ಖುಷಿಗೆ ಅತ್ತಿಗೆಯ ಮೊದಲ ಫ್ಲಾಪಿ ಹಾಕಿದ. ಓದಲು ಬರುತ್ತಿಲ್ಲ, ದುರಸ್ತಿ ಮಾಡಲೇ ಎಂದು ಪ್ರೋಗ್ರಾಮು ಕೇಳಿತು. "ನೋಡು, ಸೊಟ್ಟ ಡ್ರೈವಲ್ಲಿ ಬರೆದೂ ಬರೆದೂ ಎಲ್ಲಾ ಕೆಡಿಸಿಟ್ಟಿದ್ದಾಳೆ," ಎಂದು ಹೌದು ಒತ್ತಿದ. ಗಿರಾಕಿಗಳು ಹೀಗೆ ಕೇಳದೆ ಒತ್ತಿದರೆ ಅವರ ಜನ್ಮ ಜಾಲಾಡುತ್ತಿದ್ದವನು.

ಆಮೇಲೆ ಎರಡನೆಯದು, ಮೂರನೆಯದು. ಅವಳು ಬರುವಷ್ಟರಲ್ಲಿ ಎಲ್ಲವನ್ನೂ ಸರಿ ಮಾಡಿಡೋಣ ಎಂದ. ಡಬ್ಬಿ ನನ್ನ ತೊಡೆಯ ಮೇಲಿತ್ತು. ಮೂವತ್ತೆಂಟನ್ನೂ ಒಂದೊಂದಾಗಿ ಕವರಿನಿಂದ ತೆಗೆದು ಅವನ ಕೈಗೆ ಕೊಟ್ಟವಳು ನಾನೇ. ಬಟ್ಟೆ ಕತ್ತರಿಸುವ ಮುಂಚೆ ಎರಡು ಸಲ ಅಳೆಯುವ ನನಗೆ ಅವತ್ತು ಒಂದು ಮಾತು ಕೇಳಬೇಕು ಅನ್ನಿಸಲಿಲ್ಲ.

ಅತ್ತಿಗೆ ಸಂಜೆ ಬಂದರು. ಚೀಲವನ್ನೂ ಕೆಳಗಿಡದೆ ಒಂದು ಫ್ಲಾಪಿ ಹಾಕಿದರು. ಖಾಲಿ. ಇನ್ನೊಂದು ಹಾಕಿದರು. ಅದೂ ಖಾಲಿ.

"ನಂದೆಲ್ಲ ಎಲ್ಲಿ?"

"ಫ್ಲಾಪಿ ಕೆಟ್ಟೋಗಿದ್ವು. ದುರಸ್ತಿ ಮಾಡಿದ್ದೀನಿ. ಇನ್ನು ಗಡಿಯಾರದ ಥರ ಓಡುತ್ತೆ ನೋಡು."

"ಇವತ್ತು ಬೆಳಿಗ್ಗೆ ಓದಿದೀನಿ ಕಣ್ರೀ ಇದನ್ನ."

ಅಣ್ಣನ ಮುಖದ ಬಣ್ಣ ಇಳಿದದ್ದನ್ನು ನಾನು ನೋಡಿದೆ. ಸೊಟ್ಟ ಡ್ರೈವು ಅಷ್ಟೂ ವರ್ಷ ಸೊಟ್ಟ ಜಾಗದಲ್ಲೇ ಬರೆದಿತ್ತು, ಸೊಟ್ಟ ಜಾಗದಲ್ಲೇ ನಿಂತು ಓದುತ್ತಿತ್ತು. ಅವುಗಳೊಳಗೆ ಜಗಳವೇ ಇರಲಿಲ್ಲ. ಡ್ರೈವನ್ನು ನೆಟ್ಟಗೆ ಮಾಡಿದ ಕ್ಷಣದಿಂದ ಅದಕ್ಕೆ ತಾನೇ ಬರೆದದ್ದು ಕಾಣದಾಯಿತು. ಅಷ್ಟಕ್ಕೇ ನಿಂತಿದ್ದರೂ ಸ್ಕ್ರೂ ಹಿಂದಕ್ಕೆ ತಿರುಗಿಸಿ ಓದಬಹುದಿತ್ತು. ಇವನ ಪ್ರೋಗ್ರಾಮು ಒರೆಸಿ ಹಾಕಿತ್ತು.

ಅತ್ತಿಗೆ ನನ್ನ ತೊಡೆಯ ಮೇಲಿನ ಡಬ್ಬಿ ನೋಡಿದರು. "ನೀನೂ ಜೊತೇಲಿದ್ಯಾ?" ಅಂದರು. ಆ ಮಾತು ಇವತ್ತಿಗೂ ನನಗೆ ನುಂಗಲಾಗಿಲ್ಲ.

ಉಳಿದದ್ದು ಚೀಲದಲ್ಲಿದ್ದ ಒಂದು. ಅದನ್ನು ಓದಬೇಕಾದರೆ ಡ್ರೈವು ಹಳೆಯ ಸೊಟ್ಟ ಜಾಗಕ್ಕೇ ಮರಳಬೇಕು. ನಾನು ಬಗ್ಗಿ ನೋಡಿದೆ. ಮೋಟರಿನ ಮೇಲೆ ಗೀಟಿರಲಿಲ್ಲ.

"ಯಾರ ಡ್ರೈವೇ ಆಗ್ಲಿ ಅಂತಿದ್ದೆಯಲ್ಲೋ ಅಣ್ಣ?"

"ಮನೇದಲ್ವಾ ಅಂತ..." ಎಂದ.

ನೀನು ನಕಲು ಮಾಡಿಟ್ಟುಕೊಳ್ಳಬೇಕಿತ್ತು ಎಂದು ಎರಡು ದಿನದ ಮೇಲೆ ಹೇಳುವ ಧೈರ್ಯವೂ ಅವನಿಗೆ ಬಂತು. "ಮನೇಲೇ ಡಾಕ್ಟ್ರಿದ್ದಾರೆ ಅಂದ್ಕೊಂಡಿದ್ದೆ," ಅಂದರು ಅತ್ತಿಗೆ. ನೆನಪಿದ್ದಷ್ಟು ಮತ್ತೆ ಬರಿ ಎಂದ. "ನೆನಪಲ್ಲಿ ಇಟ್ಕೊಂಡು ಬದುಕೋಕಾಗಲ್ಲ ಅಂತ ತಾನೇ ಅದರಲ್ಲಿ ಇಟ್ಟಿದ್ದು?" ಅಂದರು. ಮತ್ತೆ ಕೀಬೋರ್ಡಿನ ಮುಂದೆ ಕೂರಲಿಲ್ಲ. ಒಂದು ದಿನ ಚೀಲದ ಫ್ಲಾಪಿಯನ್ನು ಮೇಜಿನ ಮೇಲಿಟ್ಟು, "ಇದಕ್ಕೆ ಆ ಪ್ರೋಗ್ರಾಮ್ ಮುಟ್ಟಿಸ್ಬೇಡಿ, ಅಷ್ಟೇ," ಎಂದು ಒಳಗೆ ಹೋದರು.

ಊರಿನ ಡ್ರೈವುಗಳನ್ನೆಲ್ಲ ನೆಟ್ಟಗೆ ಮಾಡಿದವನು ತನ್ನ ಮನೆಯದನ್ನು ಸೊಟ್ಟ ಮಾಡಲು ಕೂತ. ಹದಿನಾಲ್ಕು ತಿಂಗಳು. ದಿನಾ ಬೆಳಿಗ್ಗೆ ಅಂಗಡಿಗೆ ಹೋಗುವ ಮೊದಲು ಸ್ಕ್ರೂ ಸಡಿಲಿಸುವುದು, ಕೂದಲೆಳೆಯಷ್ಟು ಮೋಟರು ಸರಿಸುವುದು, ಬಿಗಿಯುವುದು, ಫ್ಲಾಪಿ ಹಾಕುವುದು, ಇಲ್ಲ ಎಂದು ತಲೆಯಾಡಿಸುವುದು. ಎಲ್ಲಿತ್ತು ಎಂದು ಗೊತ್ತಿಲ್ಲದ ಜಾಗವನ್ನು ಹುಡುಕುವ ಕರ್ಮ. ಒಂದೊಂದು ಸಲ ಓದಿಸಿದಾಗಲೂ ಹೆಡ್ಡು ಫ್ಲಾಪಿಯನ್ನು ಅಷ್ಟಷ್ಟೇ ಕೆರೆಯುತ್ತಿತ್ತು. ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಹೆಡ್ಡು ಒರೆಸಿದರೆ ಕಂದು ಪುಡಿ ಹತ್ತುತ್ತಿತ್ತು. ಅದು ಧೂಳಲ್ಲ, ಅತ್ತಿಗೆಯ ಬರಹವೇ. ಅವನಿಗೂ ಗೊತ್ತಿತ್ತು. ಹುಡುಕದೆ ಸಿಗುವುದಿಲ್ಲ, ಹುಡುಕಿದಷ್ಟೂ ಸವೆಯುತ್ತದೆ. ಅಷ್ಟರಲ್ಲಿ ಅತ್ತಿಗೆ ರಿಟೈರಾದರು. ಹಿಂದೆ ಬರೆಯುತ್ತಿದ್ದ ಹೊತ್ತಿನಲ್ಲಿ ಈಗ ಅಡುಗೆಮನೆಯ ಕಿಟಕಿ ಹತ್ತಿರ ಕೂತು ಕೈ ನೋಡಿಕೊಳ್ಳುತ್ತಿದ್ದರು. ಅವನ ಮೇಲೆ ನನಗೆ ಕನಿಕರ ಬಂತೇ ಎಂದು ಕೇಳಿದರೆ, ಇಲ್ಲ. ನನ್ನ ಮೇಲೇ ಬಂದಿರಲಿಲ್ಲ.

ಒಂದು ಭಾನುವಾರ ನನ್ನನ್ನು ಕೂಗಿದ. ಟೀವಿಯ ಮೇಲೆ ಅಕ್ಷರಗಳು ಬಂದಿದ್ದವು. ಮುಕ್ಕಾಲು ಪಾಲು ಕಸ, ನಡುವೆ ನಾಲ್ಕು ಸಾಲು ಮಾತ್ರ ಓದುವ ಹಾಗಿದ್ದವು. ನಾನೇ ಗಟ್ಟಿಯಾಗಿ ಓದಿದೆ:

"ಇವತ್ತೂ ಡ್ರೈವು ಟಕಟಕ ಅನ್ನುತ್ತಿದೆ. ವರ್ಷಗಳಿಂದ ಹೀಗೇ. ಇವರ ಕಿವಿಗೆ ಬೀಳಬಾರದೆಂದು ರೇಡಿಯೋ ಜೋರು ಮಾಡಿ ಬರೆಯುತ್ತೇನೆ. ಬಿದ್ದರೆ ಬಿಚ್ಚಿಬಿಡುತ್ತಾರೆ."

ಅಣ್ಣ ಇನ್ನೊಮ್ಮೆ ಓದಿಸಿದ. ಈ ಸಲ ಆ ನಾಲ್ಕು ಸಾಲೂ ಬರಲಿಲ್ಲ. ಮತ್ತೆ ಒತ್ತಿದ, ಮತ್ತೆ ಒತ್ತಿದ. ಆಮೇಲೆ ನನ್ನ ಕಡೆ ಕೈ ಚಾಚಿ ಸೂಜಿ ಕೇಳಿದ. ಕೊಟ್ಟೆ. ಮೋಟರಿನ ಮೇಲೆ ಒಂದು ಗೀಟು ಎಳೆದ, ಅಳುತ್ತಾ ಎಳೆದ. ಇನ್ನು ಆ ಗೀಟಿಗೆ ಏನು ಕೆಲಸ?

ಅತ್ತಿಗೆ ಬಾಗಿಲಲ್ಲಿ ನಿಂತಿದ್ದರು. ನಾನು ಓದಿದ್ದು ಅವರಿಗೆ ಕೇಳಿಸಿತ್ತು.

"ಅಷ್ಟೇನಾ ಸಿಕ್ಕಿದ್ದು?" ಅಂದರು.

"ಅಷ್ಟೇ," ಅಂದ ಅಣ್ಣ.

"ಅದೊಂದು ನಂಗೆ ನೆನಪಿತ್ತು," ಎಂದು ಅತ್ತಿಗೆ ಒಳಗೆ ಹೋಗಿ, ಹದಿನಾಲ್ಕು ತಿಂಗಳ ಮೇಲೆ ಮೊದಲ ಸಲ ರೇಡಿಯೋ ಹಾಕಿದರು.