ಅತ್ತೆಗೆ ಓದಿ ಹೇಳಿದ ಕಾಗದಗಳು

ನನ್ನ ಗಂಡನ ಅಕ್ಕ ಮೂವತ್ತು ವರ್ಷ ಹೊರದೇಶದ ಒಂದು ದ್ವೀಪದಲ್ಲಿದ್ದು, ಅಲ್ಲಿಯವರ ಮಾತಿಗೆ ಬೈಬಲ್ ಇಳಿಸಿ ಬಂದರು. ಆ ಮಾತಾಡುವ ಜನ ಎಲ್ಲ ಸೇರಿದರೂ ಹುಣಸೂರು ಸಂತೆಯ ಒಂದು ಮೂಲೆ ತುಂಬುವುದಿಲ್ಲ. ಆ ಕೆಲಸಕ್ಕೆ ಅಂತ ಹೋದ ವರ್ಷ ಹುಣಸೂರಿನ ನಮ್ಮ ಚರ್ಚಿನ ಸಭೆಯವರು ಅವರಿಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ತಲೆಗೆ ಮೈಸೂರು ಪೇಟ ಇಟ್ಟರು. ಪೇಟ ಸಡಿಲವಾಗಿ ಕನ್ನಡಕದ ತನಕ ಇಳಿಯಿತು. ನನಗೆ ನಗು ಬಂತು. ನಾನೇನೂ ತಡೆದುಕೊಳ್ಳಲಿಲ್ಲ.

ಅವರು ದ್ವೀಪದಲ್ಲಿದ್ದ ಕಾಲದಲ್ಲೇ ಅವರ ತಾಯಿ, ಅಂದರೆ ನನ್ನ ಅತ್ತೆ, ಸಕ್ಕರೆ ಕಾಯಿಲೆಯಿಂದ ಕಾಲು ಹುಣ್ಣಾಗಿ ಒಂಬತ್ತು ವರ್ಷ ನಮ್ಮ ಮನೆಯಲ್ಲಿ ಮಂಚ ಹಿಡಿದಿದ್ದರು. ನಮ್ಮದು ಪಿರಿಯಾಪಟ್ಟಣದ ಹತ್ತಿರ ಹೊಗೆಸೊಪ್ಪು ಬೆಳೆಯುವ ಊರು. ಗಂಡ ಹೊಲಕ್ಕೆ ಹೋದ ಮೇಲೆ ನೀರು ಕಾಯಿಸಿ, ಹಳೇ ಪಂಚೆ ಹರಿದು, ಹುಣ್ಣು ತೊಳೆದು ಕಟ್ಟುತ್ತಿದ್ದವಳು ನಾನು. ಅದಕ್ಕೆ ಯಾರೂ ಪೇಟ ಕಟ್ಟುವುದಿಲ್ಲ ಬಿಡಿ.

ದ್ವೀಪದಿಂದ ಮೂರು ತಿಂಗಳಿಗೊಂದು ಕಾಗದ ಬರುತ್ತಿತ್ತು. ಕಾಗದ ಅಂದರೆ ಕೈಬರಹ ಅಂದುಕೊಳ್ಳಬೇಡಿ, ಅಚ್ಚು ಹಾಕಿಸಿದ್ದು. "ಪ್ರಿಯ ಪ್ರಾರ್ಥನಾ ಸಹಭಾಗಿಗಳೇ" ಅಂತ ಶುರು. ಹೆತ್ತ ತಾಯಿಗೂ ಅದೇ, ನಮ್ಮ ಪಾಸ್ಟರಿಗೂ ಅದೇ, ಮುಖ ನೋಡದವರಿಗೂ ಅದೇ. ಲೂಕನ ಸುವಾರ್ತೆಯಲ್ಲಿ ಇಷ್ಟು ಅಧ್ಯಾಯ ಮುಗಿಯಿತು, ದೋಣಿಯ ಇಂಜಿನ್ನು ಕೆಟ್ಟಿದೆ, ಅದಕ್ಕಾಗಿ ಪ್ರಾರ್ಥಿಸಿರಿ. ಇಂಜಿನ್ನಿಗೆ!

ಅತ್ತೆಗೆ ಓದು ಬಾರದು. ಕಾಗದ ಬಂದ ದಿನ ಕೂದಲು ನೇವರಿಸಿಕೊಂಡು, ಸೆರಗು ಸರಿಮಾಡಿಕೊಂಡು, ಮಗಳೇ ಎದುರಿಗೆ ಬಂದ ಹಾಗೆ ಗೋಡೆಗೆ ಒರಗಿ ಕೂರುವರು.

"ಏನಂತ ಬರ್ದವ್ಳೆ, ಓದವ್ವ."

ಮೊದಲನೆಯ ಸಲ ಇದ್ದದ್ದನ್ನು ಇದ್ದ ಹಾಗೇ ಓದಿದೆ. ಕೊನೇ ತನಕ ಕೇಳಿ, "ನನ್ ಕಾಲಿನ್ ಇಸ್ಯ ಏನೂ ಕೇಳ್ನಿಲ್ವಾ?" ಅಂದರು. ಮಾರನೇ ದಿನ ಮುದ್ದೆ ಮುಟ್ಟಲಿಲ್ಲ. ಎರಡು ಹೊತ್ತು ಉಪವಾಸ ಬಿದ್ದರೆ ಸಕ್ಕರೆ ಕಾಯಿಲೆಯವರ ಗತಿ ಏನು? ಹಾಗಾಗಿ ಎರಡನೇ ಕಾಗದದಿಂದ ನಾನು ದಾರಿ ಬದಲಿಸಿದೆ. ಇಂಜಿನ್ನು ಇದ್ದ ಕಡೆ, "ಅವ್ವ, ಕಾಲು ಹೇಗಿದೆ? ಸೊಸೆ ಹೇಳಿದಂಗೆ ಕೇಳು, ಬೆಲ್ಲ ಮುಟ್ಟಬೇಡ" ಅಂತ ಓದಿದೆ.

ಅತ್ತೆ ಮುಖ ಅರಳಿತು. "ನೋಡ್ದಾ! ಅಷ್ಟ್ ದೂರದಲ್ಲಿದ್ರೂ ನಾನ್ ಬೆಲ್ಲ ತಿನ್ನೋದು ಗೊತ್ತು ಕಣವ್ವ ಅವಳ್ಗೆ!" ಅಂತ ದಿಂಬಿನಡಿಯಿಂದ ಬೆಲ್ಲದ ಉಂಡೆ ತೆಗೆದು ನನ್ನ ಕೈಗೇ ಕೊಟ್ಟರು. ದಿನಾ ಹೇಳುತ್ತಿದ್ದ ನನ್ನ ಮಾತು ಕಿವಿಗೆ ಬಿದ್ದಿರಲಿಲ್ಲ, ದ್ವೀಪದಲ್ಲಿದ್ದ ಮಗಳ ಮಾತು ಬಿತ್ತು. ಹೊಟ್ಟೆ ಉರಿಯಿತು. ಆದರೂ ಒಂಬತ್ತು ವರ್ಷ ಹಾಗೇ ಓದಿದೆ.

ಅತ್ತೆ ತೀರಿಹೋದಾಗ ಮಗಳು ಬರಲಿಲ್ಲ. ದೋಣಿ ಕೆಟ್ಟಿದೆ ಅಂದರು. ಅಷ್ಟು ಊರಿನ ಜನ ಅಷ್ಟು ವರ್ಷ ಪ್ರಾರ್ಥಿಸಿದ ಇಂಜಿನ್ನು ನೋಡಿ!

ಸನ್ಮಾನದ ದಿನ ಅಕ್ಕ ಹೇಳಿದ್ದು ಇಷ್ಟು: ಕ್ಷಮಿಸು ಅನ್ನುವುದಕ್ಕೆ ಆ ದ್ವೀಪದ ಮಾತಿನಲ್ಲಿ ಪದ ಸಿಗದೆ ಎರಡು ವರ್ಷ ಒದ್ದಾಡಿದರಂತೆ. ಕೊನೆಗೆ ಅವ್ವ ಹೇಳುತ್ತಿದ್ದ "ಹೊಟ್ಟೆಗೆ ಹಾಕ್ಕೊ" ನೆನಪಾಯಿತಂತೆ. ಕೇಳಿ ನೋಡಿದರೆ ಅಲ್ಲಿಯವರೂ "ನುಂಗಿಬಿಡು" ಅನ್ನುತ್ತಿದ್ದರಂತೆ. ಸಭೆಯೆಲ್ಲ ಹಲ್ಲೆಲೂಯ ಅಂತು.

"ಅವ್ವನ ಮಾತು ಬೇಕಾಯ್ತು, ಅವ್ವ ಬೇಡಾಯ್ತು" ಅಂದೆ ಗಂಡನ ಕಿವಿಯಲ್ಲಿ.

"ಸುಮ್ನಿರೇ" ಅಂದರು.

ಸಂಜೆ ಮನೆಗೆ ಬಂದು ಅಕ್ಕ ಅತ್ತೆಯ ಮಂಚದ ಮೇಲೆ ಕೂತರು. ನಾನು ಕೆಳಗೆ ಅವರೆಕಾಯಿ ಸುಲಿಯುತ್ತಿದ್ದೆ.

"ಅವ್ವ ನನ್ನ ಮೇಲೆ ಸಿಟ್ಟಲ್ಲೇ ಹೋದ್ಲಾ? ಅದೊಂದು ಗೊತ್ತಾಗ್ಬೇಕು ಕಣೇ. ಅದಕ್ಕೇ ಬಂದಿದ್ದು."

"ಸಿಟ್ಟೆಲ್ಲಿಂದ ಬರ್ಬೇಕು? ನಿಮ್ಮ ಕಾಗದ ಕೇಳ್ಕೊಂಡು ಖುಷಿಯಾಗೇ ಹೋದ್ರು."

ಅವರ ಮುಖ ಥೇಟು ಅತ್ತೆಯ ಹಾಗೇ ಅರಳಿತು. ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. "ಆದ್ರೆ ಅಕ್ಕ, ಅದರಲ್ಲಿ ಒಂದು ಸಾಲೂ ನಿಮ್ದಲ್ಲ. ಎಲ್ಲ ನಾನು ಕಟ್ಟಿ ಓದಿದ್ದು" ಅಂದೆ. ಮುದ್ದೆ ಮುಟ್ಟದ ವಿಷಯ, ಇಂಜಿನ್ನಿನ ವಿಷಯ ಹೇಳಿದೆ.

ಅಕ್ಕ ಮಂಚದಿಂದ ಇಳಿದು ನನ್ನ ಪಕ್ಕ ಕೂತರು. ಆಮೇಲೆ, "ತಪ್ಪಾಯ್ತು. ಹೊಟ್ಟೆಗೆ ಹಾಕ್ಕೊಳ್ಳೇ" ಅಂದರು.

"ಹೊಟ್ಟೆ ತುಂಬೈತೆ ಅಕ್ಕ. ಒಂಬತ್ತು ವರ್ಷ ನುಂಗಿದೀನಿ. ಇನ್ನು ಜಾಗ ಇಲ್ಲ."

ಬೆಳಿಗ್ಗೆ ನೋಡಿದರೆ ಅತ್ತೆಯ ಟ್ರಂಕಿನಲ್ಲಿದ್ದ ಕಾಗದದ ಕಟ್ಟು ಬಿಚ್ಚಿಕೊಂಡು, ಗೆರೆ ಹಾಕಿದ ನೋಟ್‌ಬುಕ್ಕು, ಪೆನ್ಸಿಲ್ಲು ಹಿಡಿದು ಒಲೆಯ ಪಕ್ಕ ಮಣೆ ಹಾಕಿ ಕೂತಿದ್ದಾರೆ.

"ಈ ಇಂಜಿನ್ನಿನ ಜಾಗದಲ್ಲಿ ಏನಂತ ಓದ್ದೆ?"

ಹುಟ್ಟುಗುಣ ಸುಟ್ಟರೂ ಹೋಗದು ಅಂತಾರೆ. ಇದು ದ್ವೀಪದಲ್ಲಿ ಕಲಿತ ಗುಣ, ಇದೂ ಹೋಗದು. "ನನಗೆ ದೋಸೆ ಹುಯ್ಯೋದಿದೆ" ಅಂದೆ. ಕಾದರು. ದ್ವೀಪದವರ ಬಾಯಿಂದ ಒಂದೊಂದು ಪದ ಬೀಳಲಿ ಅಂತ ಹೀಗೇ ಕಾದು ಕೂತಿದ್ದಿರಬೇಕು. ಹಿಟ್ಟು ಮುಗಿಯಿತು, ಅವರು ಏಳಲಿಲ್ಲ.

"ಅವ್ವ, ಕಾಲು ಹೇಗಿದೆ," ಅಂದೆ ಕಾವಲಿ ಕೆಳಗಿಡುತ್ತ.

ಬರೆದರು. "ಆಮೇಲೆ?"

"ಸೊಸೆ ಹೇಳಿದಂಗೆ ಕೇಳು, ಬೆಲ್ಲ ಮುಟ್ಟಬೇಡ."

ಅದನ್ನೂ ಬರೆಯುತ್ತಿದ್ದ ಪೆನ್ಸಿಲ್ಲು ನಿಂತಿತು. ತಲೆ ಎತ್ತಿ, "ಅಂಥಾ ಹುಣ್ಣಿಟ್ಕೊಂಡು ಅವ್ವ ದಿನಾ ಬೆಲ್ಲ ತಿಂತಿದ್ಲಾ?" ಅಂತ ಕೇಳಿದರು. ಅವರ ಬಾಯಿಂದ ತಾಯಿಯ ಕಾಲಿನ ಬಗ್ಗೆ ಬಂದ ಮೊದಲನೇ ಮಾತು ಅದು.

"ದಿಂಬಿನಡಿ ಬಚ್ಚಿಟ್ಕೊತಿದ್ರು" ಅಂದೆ. "ಅದನ್ನೂ ಬರ್ಕೊಳ್ಳಿ."